ಉಪ್ಪಿನ ಹರಳು ಮತ್ತು ಕಾರ್ಯಕಾರಣದ ಸರಪಣಿ

ರೋಗಿಯನ್ನು ಗುಣಪಡಿಸಿದ ವೈದ್ಯನ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ರೋಗವೇ ಬಾರದಂತೆ ತಡೆದವನ ಕೆಲಸ ಕಾಣುವುದು ಹೇಗೆ? ಬಾರದೆ ಹೋದ ಕಾಯಿಲೆಯನ್ನು ಎಣಿಸುವುದಾದರೂ ಎಂತು? ಒಂದು ಊರಿನ ಅಥವಾ ನಾಡಿನ ಜನರೆಲ್ಲರಿಗಾಗಿ ಕೈಗೊಳ್ಳುವ ರೋಗನಿವಾರಣ ಕಾರ್ಯಗಳೆಲ್ಲ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕಾಗಿ ಇಂದು ಬಳಕೆಯಲ್ಲಿರುವ ಒಂದು ಸಾಧನಕ್ಕೆ ‘ಲಾಜಿಕ್ ಮಾಡೆಲ್’ ಎಂದು ಹೆಸರು. ನಾವು ಅದನ್ನು ತರ್ಕಮಾದರಿ ಎಂದು ಕರೆಯೋಣ.

ಇದರ ತತ್ತ್ವ ಬಹಳ ಸರಳವಾದುದು. ಗುಂಡಿಯನ್ನು ಒತ್ತಿದರೂ ದೀಪ ಹೊತ್ತಲಿಲ್ಲವೆನ್ನಿ. ಜಾಣ ವಿದ್ಯಾರ್ಥಿಯು ಕೂಡಲೆ ಬಲ್ಬನ್ನು ಎಸೆಯುವುದಿಲ್ಲ. ಬ್ಯಾಟರಿ, ತಂತಿ, ಗುಂಡಿ, ಬಲ್ಬು ಎಂದು ಮಂಡಲದ ಒಂದೊಂದು ಸಂದಿಯನ್ನೂ ಪರೀಕ್ಷಿಸುತ್ತಾನೆ. ತರ್ಕಮಾದರಿಯೂ ಇಂಥ ಒಂದು ಮಂಡಲದ ನಕ್ಷೆಯೇ. ಅದರಲ್ಲಿ ಐದು ಕೊಂಡಿಗಳುಂಟು: ನಮ್ಮಲ್ಲಿರುವ ಸಾಧನಗಳು, ಅವುಗಳಿಂದ ಮಾಡುವ ಕಾರ್ಯ, ಆ ಕಾರ್ಯದಿಂದ ನೇರವಾಗಿ ಒದಗುವ ಉತ್ಪತ್ತಿ, ಅದರಿಂದ ಜನರಲ್ಲಿ ಆಗುವ ಪರಿಣಾಮ, ಕೊನೆಗೆ, ಬಹುಕಾಲದ ಮೇಲೆ ದೊರೆಯುವ ಅಂತಿಮ ಫಲ. ಒಂದು ಕೊಂಡಿಯಿಂದ ಇನ್ನೊಂದು ಏಕೆ ಹುಟ್ಟಬೇಕೆಂಬುದನ್ನು ಕೆಲಸಕ್ಕೆ ತೊಡಗುವ ಮೊದಲೇ ಬರೆದಿಡಬೇಕು. ಪ್ರತಿಯೊಂದು ಕೊಂಡಿಗೂ ಒಂದು ಅಳತೆಯನ್ನು ಗೊತ್ತುಮಾಡಬೇಕು.

ಈ ಹೆಸರು ರೂಢಿಗೆ ಬಂದದ್ದು ಅಮೆರಿಕದಲ್ಲಿ, 1970ರ ದಶಕದಿಂದ ಈಚೆಗೆ. ಆದರೆ ಅದರ ಹಿಂದಿನ ವಿಚಾರಸರಣಿಯನ್ನು ನಮ್ಮ ದೇಶದ ವಿಜ್ಞಾನಿಗಳು ಅದಕ್ಕೂ ಮೊದಲೇ ಆಚರಣೆಯಲ್ಲಿ ತೋರಿಸಿದ್ದರು. ಅದರ ಕ್ಷೇತ್ರ ಹಿಮಾಲಯದ ಅಡಿಯ ಕಾಂಗ್ರಾ ಕಣಿವೆ. ಅಂದು ಪಂಜಾಬಿಗೂ ಇಂದು ಹಿಮಾಚಲ ಪ್ರದೇಶಕ್ಕೂ ಸೇರಿದ ನಾಡು.

ಅಲ್ಲಿನ ಮಣ್ಣಿನ ಅಯೋಡೀನನ್ನು ಮಳೆಯೂ ಹಿಮವೂ ಯುಗಯುಗಗಳಿಂದ ತೊಳೆದುಬಿಟ್ಟಿವೆ. ಮಣ್ಣಿನಲ್ಲಿ ಇಲ್ಲದುದು ಬೆಳೆಯಲ್ಲಿಯೂ ಇಲ್ಲ, ಊಟದಲ್ಲಿಯೂ ಇಲ್ಲ. ಅಯೋಡೀನು ಸಾಲದಾದಾಗ ಕೊರಳಿನ ಥೈರಾಯ್ಡ್ ಗ್ರಂಥಿಯು ಊದಿಕೊಳ್ಳುತ್ತದೆ, ಇದೇ ಗಳಗಂಡ. ಹಾನಿಯು ಕೊರಳಿಗೇ ಮುಗಿಯುವುದಿಲ್ಲ. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಹುಟ್ಟುವ ಶಿಶುವಿನ ಮಿದುಳೇ ಕುಂದುತ್ತದೆ, ಕಿವುಡುತನವೂ ಬರಬಹುದು.

1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳನ್ನಾಗಿ ವಿಂಗಡಿಸಿದರು. ‘ಎ’ ವಲಯಕ್ಕೆ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿದ ಉಪ್ಪು; ‘ಸಿ’ ವಲಯಕ್ಕೆ ಪೊಟ್ಯಾಸಿಯಂ ಅಯೊಡೇಟ್ ಬೆರೆಸಿದ ಉಪ್ಪು; ‘ಬಿ’ ವಲಯಕ್ಕೆ ಬರಿಯ ಉಪ್ಪು. ಆರಂಭದಲ್ಲಿ ಮೂರರಲ್ಲಿಯೂ ಗಳಗಂಡದ ಪ್ರಮಾಣ ನೂರಕ್ಕೆ ಸುಮಾರು 40ರಷ್ಟಿತ್ತು. 1962ರ ಹೊತ್ತಿಗೆ ‘ಎ’, ‘ಸಿ’ ವಲಯಗಳಲ್ಲಿ ಅದು ನೂರಕ್ಕೆ 20ಕ್ಕಿಂತಲೂ ಕೆಳಗಿಳಿಯಿತು. ‘ಬಿ’ ವಲಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

‘ಬಿ’ ವಲಯ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು? ರೋಗ ಇಳಿದದ್ದು ಉಪ್ಪಿನಿಂದಲೋ, ಆಹಾರ ಸುಧಾರಿಸಿದ್ದರಿಂದಲೋ ಎಂಬ ಸಂಶಯ ಉಳಿದೇ ಇರುತ್ತಿತ್ತು. ಬಾರದೆ ಹೋದ ಕಾಯಿಲೆಯನ್ನು ಎಣಿಸುವ ಬಗೆ ಇದು: ಕಾರ್ಯಕ್ರಮವಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಪಕ್ಕದಲ್ಲಿಯೇ ಅಳೆದು ನೋಡುವುದು. ಆದರೆ ಆ ಜ್ಞಾನದ ಬೆಲೆಯನ್ನು ತೆತ್ತವರು ‘ಬಿ’ ವಲಯದ ಮಕ್ಕಳೆಂಬುದನ್ನೂ ಮರೆಯಲಾಗದು. 1962ರ ಅನಂತರ ಅವರಿಗೂ ಅಯೊಡೇಟ್ ಉಪ್ಪು ದೊರೆಯಿತು. ಅಲ್ಲಿಯೂ ರೋಗ ಇಳಿಯಿತು. ಗುಣ ಸಿದ್ಧವಾಗಿರುವ ಉಪಾಯವನ್ನು ಹೋಲಿಕೆಗಾಗಿ ಜನರಿಂದ ತಡೆಹಿಡಿಯುವುದನ್ನು ಇಂದಿನ ನೀತಿ ಒಪ್ಪುವುದಿಲ್ಲ. ಹಂತಹಂತವಾಗಿ ಹರಡುವ ಕಾರ್ಯಕ್ರಮದಲ್ಲಿ, ಸರದಿ ಇನ್ನೂ ಬಾರದ ಊರುಗಳೊಡನೆ ಹೋಲಿಸುವುದು ಒಂದು ಮಾರ್ಗ.

ಇಷ್ಟರಿಂದ ಸರಪಣಿಯ ತತ್ತ್ವ ಸರಿಯೆಂದು ಸಿದ್ಧವಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೂ ಆರಂಭವಾಯಿತು. ಆದರೂ ಮುಂದಿನ ಎರಡು ದಶಕಗಳಲ್ಲಿ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಹಾಗಾದರೆ ಅಯೋಡೀನಿನ ಗುಣವೇ ಸುಳ್ಳೆ? ಅಲ್ಲ. ಬೇಕಾದಷ್ಟು ಅಯೋಡೀನ್ ಉಪ್ಪು ತಯಾರಾಗುತ್ತಲೇ ಇರಲಿಲ್ಲ. ಮುರಿದದ್ದು ಉತ್ಪತ್ತಿಯ ಕೊಂಡಿ. 1983ರಲ್ಲಿ ಖಾಸಗಿ ಉತ್ಪಾದಕರಿಗೂ ಅವಕಾಶ ಕೊಟ್ಟ ಮೇಲೆ ತಯಾರಿಕೆ ಹೆಚ್ಚಿತು. ಸಿದ್ಧಾಂತದ ಸೋಲು ಬೇರೆ, ಆಚರಣೆಯ ಸೋಲು ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ಒಳ್ಳೆಯ ಉಪಾಯವನ್ನು ಕೈಬಿಡುವ ಅಪಾಯವಿದೆ.

ಕಾರ್ಖಾನೆಯಲ್ಲಿ ಎಷ್ಟು ಟನ್ನು ಉಪ್ಪು ಸಿದ್ಧವಾಯಿತೆಂದು ಎಣಿಸಿದರೂ ಸಾಲದು. ತೇವ ತಗುಲಿದರೆ ಉಪ್ಪಿನಲ್ಲಿರುವ ಅಯೋಡೀನು ನಷ್ಟವಾಗುತ್ತದೆ. ಈ ವಿಷಯದಲ್ಲಿ ಅಯೊಡೇಟ್ ಅಯೊಡೈಡಿಗಿಂತ ಸ್ಥಿರವಾದುದರಿಂದಲೇ ನಮ್ಮ ದೇಶದಲ್ಲಿ ಅದಕ್ಕೆ ಮನ್ನಣೆ. ಬಳಸುವವರ ಕೈ ಸೇರುವಾಗ ಉಪ್ಪಿನ ದಶಲಕ್ಷ ಭಾಗದಲ್ಲಿ ಕನಿಷ್ಠ 15 ಭಾಗ ಅಯೋಡೀನು ಇರಬೇಕು. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೊಗ್ರಾಂ. ಹತ್ತು ಗ್ರಾಂ ಉಪ್ಪಿನಿಂದ 150 ಮೈಕ್ರೊಗ್ರಾಂ ಒದಗುತ್ತದೆ. ವಯಸ್ಕನಿಗೆ ದಿನಕ್ಕೆ ಬೇಕಾದುದೂ ಅಷ್ಟೇ. ಆದುದರಿಂದ ಅಳತೆ ಅಡಿಗೆಮನೆಯವರೆಗೂ ಹೋಗಬೇಕು. ಉಪ್ಪಿನ ಮೇಲೆ ಪಿಷ್ಟಯುಕ್ತ ಪರೀಕ್ಷಾದ್ರಾವಣದ ಹನಿಯಿಟ್ಟರೆ, ಅಯೋಡೀನು ಇದ್ದಲ್ಲಿ ನೀಲಿ ಬಣ್ಣ ಮೂಡುತ್ತದೆ. ಅದು ದೇಹವನ್ನು ಸೇರಿತೇ ಎಂಬುದನ್ನು ಮೂತ್ರಪರೀಕ್ಷೆ ಹೇಳುತ್ತದೆ. ಗಳಗಂಡದ ಇಳಿತ ಕಾಣಲು ವರ್ಷಗಳೇ ಬೇಕು. ಮೂತ್ರದ ಅಯೋಡೀನು ಬೇಗನೆ ವಾರ್ತೆ ಕೊಡುತ್ತದೆ.

ಶಾಲೆಯಲ್ಲಾಗಲಿ ಊರಿನಲ್ಲಾಗಲಿ ಆರೋಗ್ಯ ಸಪ್ತಾಹವೊಂದು ಮುಗಿದಾಗ ಎಷ್ಟು ಸಭೆ ನಡೆದವು, ಎಷ್ಟು ಕರಪತ್ರ ಹಂಚಿದೆವು ಎಂದು ವರದಿ ಬರೆಯುವುದು ವಾಡಿಕೆ. ಅವು ಉತ್ಪತ್ತಿಯ ಲೆಕ್ಕಗಳು ಮಾತ್ರ. ಮುಂದಿನ ಬಾರಿ ಅಂಥ ಕೆಲಸಕ್ಕೆ ಕೈಹಾಕುವ ಮುನ್ನ, ಎಳೆಯ ವಾಚಕರು ಒಂದು ಹಾಳೆಯ ಮೇಲೆ ಐದು ಕೊಂಡಿಗಳನ್ನು ಬರೆದು, ಅವುಗಳ ನಡುವಿನ ಪ್ರತಿಯೊಂದು ಬಾಣದ ಪಕ್ಕದಲ್ಲಿಯೂ ‘ಏಕೆ?’ ಮತ್ತು ‘ಹೇಗೆ ಅಳೆಯುವೆವು?’ ಎಂಬ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಉತ್ತರ ಹೊಳೆಯದೆ ನಿಂತ ಬಾಣವೇ ಮೊದಲು ಗಮನ ಕೊಡಬೇಕಾದ ಸ್ಥಳ.