ಬೇಲಿ ಬದಲಾಗಲಿ, ಬಳ್ಳಿ ಉಳಿಯಲಿ



ಬ್ರಿಟನ್ನಿನ ಬಿರುಗಾಳಿಗೆ ಹಿತ್ತಲಿನ ಮರದ ಬೇಲಿ ಉರುಳುವುದು ನಮಗೆಲ್ಲ ಗೊತ್ತಿರುವ ಸಂಗತಿ. ಹೊಸ ಬೇಲಿಯನ್ನು ಎರಡು ದಿನದಲ್ಲಿ ಹಾಕಿಸಬಹುದು. ಆದರೆ ವರ್ಷಗಟ್ಟಲೆ ಹಬ್ಬಿದ ಜಾಜಿ ಬಳ್ಳಿ ಒಮ್ಮೆ ಹೋದರೆ ಅಷ್ಟೇ ವರ್ಷ ಕಾಯಬೇಕು. ಆದ್ದರಿಂದ ಕೆಲಸದವರನ್ನು ಕರೆಯುವ ಮೊದಲೇ ಬಳ್ಳಿಯ ಬಗ್ಗೆ ಯೋಚಿಸೋಣ.

ಬೇಲಿ ಯಾರದು?
'ಎಡಗಡೆಯ ಬೇಲಿ ನಮ್ಮದು' ಎಂಬುದು ಬಾಯಿಮಾತು ಅಷ್ಟೇ, ಅಂಥ ಕಾನೂನಿಲ್ಲ. ಮನೆಪತ್ರ ನೋಡಿ, ನೆರೆಯವರೊಡನೆ ಮಾತಾಡಿ. ಬೇಲಿ ಅವರದಾದರೆ ಬಳ್ಳಿ ಹಬ್ಬಿಸಲು ಅವರ ಒಪ್ಪಿಗೆ ಬೇಕು.

ಯಾವಾಗ?
ನವೆಂಬರ್‌ನಿಂದ ಫೆಬ್ರವರಿಯೊಳಗೆ ಒಳ್ಳೆಯದು. ಎಲೆ ಉದುರಿಸುವ ಬಳ್ಳಿಗಳು ಆಗ ನಿದ್ದೆಯಲ್ಲಿರುತ್ತವೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. 1981ರ ವನ್ಯಜೀವಿ ಕಾಯ್ದೆಯಂತೆ, ಹಕ್ಕಿ ಕಟ್ಟುತ್ತಿರುವ ಅಥವಾ ವಾಸವಿರುವ ಗೂಡನ್ನು ಬೇಕೆಂದೇ ಕೆಡಿಸುವುದು ನಮ್ಮ ಹಿತ್ತಲಲ್ಲೂ ಅಪರಾಧ.

ಯಾವ ಬಳ್ಳಿಗೆ ಏನು?
ಜಾಜಿ, ಹಬ್ಬುವ ಗುಲಾಬಿ: ಕಟ್ಟುಗಳನ್ನು ಬಿಚ್ಚಿ, ಒಣಗಿದ ಮತ್ತು ತೆಳು ಕಡ್ಡಿಗಳನ್ನು ಕತ್ತರಿಸಿ, ಮುಖ್ಯ ಕಾಂಡಗಳನ್ನು ಉಳಿಸಿಕೊಳ್ಳಿ. ಜಾಜಿ ಆ ಬೇಸಿಗೆ ಹೂ ಕಡಿಮೆ ಬಿಟ್ಟರೆ ಗಾಬರಿ ಬೇಡ.
ಕ್ಲೆಮಟಿಸ್: ಬೇಸಿಗೆಯ ಕೊನೆಯಲ್ಲಿ ಹೂ ಬಿಡುವ ಜಾತಿಯನ್ನು ಫೆಬ್ರವರಿ ಕೊನೆಗೆ ನೆಲದಿಂದ 30 ಸೆಂಟಿಮೀಟರ್‌ಗೆ ಕತ್ತರಿಸಬಹುದು. ವಸಂತದಲ್ಲಿ ಅರಳುವ ಮೊಂಟಾನಾವನ್ನು ಹಾಗೆ ಮಾಡಬೇಡಿ. ಅದರ ಹಳೆಯ ದಪ್ಪ ಕಾಂಡ ಮತ್ತೆ ಚಿಗುರದೇ ಇರಬಹುದು.
ಐವಿ: ಬೇರಿನಿಂದ ಮರಕ್ಕೆ ಅಂಟಿರುವುದರಿಂದ ಬಿಡಿಸಲಾಗದು. ಬುಡದ ಹತ್ತಿರ ಕತ್ತರಿಸಿ, ಮತ್ತೆ ಚಿಗುರುತ್ತದೆ. ಇದರ ರಸ ಚರ್ಮಕ್ಕೆ ತುರಿಕೆ ತರಬಹುದು, ಕೈಗವಸು ಹಾಕಿಕೊಳ್ಳಿ.

ಕೆಲಸದ ದಿನ
ಬೇಲಿಯಿಂದ ಬಿಡಿಸಿದ ಕಾಂಡಗಳನ್ನು ಸಡಿಲವಾಗಿ ಕಟ್ಟಿ, ನಮ್ಮ ಕಡೆ ನೆಟ್ಟ ಬಿದಿರುಗಳುಗಳಿಗೆ ಒರಗಿಸಿ. ಬುಡದ ಸುತ್ತ ಯಾರೂ ತುಳಿಯದಂತೆ ಹಲಗೆ ಇಡಿ. 6 ಅಡಿ ಬೇಲಿಯ ಕಂಬಕ್ಕೆ ಸುಮಾರು 60 ಸೆಂಟಿಮೀಟರ್ ಆಳದ ಗುಂಡಿ ಬೇಕು. ಅದು ಬಳ್ಳಿಯ ಬುಡದಿಂದ ದೂರವಿರಲಿ, ಹಸಿ ಕಾಂಕ್ರೀಟ್ ಬೇರಿಗೆ ತಾಗದಿರಲಿ. ಕಾಂಕ್ರೀಟ್ ಕಂಬಗಳು ಗಟ್ಟಿಯಾಗಿದ್ದರೆ ಹಲಗೆಗಳನ್ನಷ್ಟೇ ಮೇಲಿನಿಂದ ಜಾರಿಸಿ ಬದಲಾಯಿಸಿ. ಬೇರಿಗೆ ತೊಂದರೆಯೇ ಇಲ್ಲ. ಹಳೆಯ ಬೇಲಿಗೆ ಕ್ರಿಯೋಸೋಟ್ ಬಳಿದಿರಬಹುದು, ಅದನ್ನು ಸುಡಬೇಡಿ.

ಮುಂದಿನ ಸಲಕ್ಕೆ
ಹೊಸ ಬೇಲಿಗೆ ಬಳಿದ ಬಣ್ಣ ಪೂರ್ತಿ ಒಣಗಿದ ಮೇಲೆಯೇ ಬಳ್ಳಿ ಕಟ್ಟಿ. ಬೇಲಿಗೇ ನೇರ ಕಟ್ಟುವ ಬದಲು ಮರದ ಜಾಲರಿಯನ್ನು 5 ಸೆಂಟಿಮೀಟರ್ ಅಂತರ ಬಿಟ್ಟು ಸ್ಕ್ರೂ ಹಾಕಿ ನಿಲ್ಲಿಸಿ. ಗಾಳಿ ಆಡುತ್ತದೆ, ಮರ ಬೇಗ ಕೊಳೆಯುವುದಿಲ್ಲ. ಇನ್ನೊಮ್ಮೆ ಬೇಲಿ ಬದಲಿಸುವಾಗ ಸ್ಕ್ರೂ ಬಿಚ್ಚಿ, ಬಳ್ಳಿಸಮೇತ ಜಾಲರಿಯನ್ನು ಮುಂದಕ್ಕೆ ಬಾಗಿಸಿದರಾಯಿತು.

ಈ ಚಳಿಗಾಲದಲ್ಲಿ ಬೇಲಿ ಹಾಕಿಸುವ ಮನೆಯವರಿಗೆಲ್ಲ ಶುಭವಾಗಲಿ. ಬೇಸಿಗೆಯಲ್ಲಿ ನಿಮ್ಮ ಹಿತ್ತಲ ಜಾಜಿ ಘಮಘಮಿಸಲಿ!