ಮೊದಲ ಓಟಕ್ಕೆ ಮುಂಚೆ: ಪಾದಕ್ಕೆ ತಕ್ಕ ಶೂ, ಮೈಗೆ ತಕ್ಕ ತಯಾರಿ



ಬೆಳಿಗ್ಗೆ ಐದೂವರೆಗೆ ಅಕ್ಕಿಹೆಬ್ಬಾಳಿನ ಕಡೆ ಹೊರಟರೆ ದಾರಿಯಲ್ಲಿ ಒಂದು ನೋಟ ಕಾಣುತ್ತದೆ. ಡೇರಿಗೆ ಹಾಲಿನ ಕ್ಯಾನ್ ಹಿಡಿದು ಹೋಗುವವರ ಪಕ್ಕದಲ್ಲೇ ನಾಲ್ಕೈದು ಹುಡುಗರು, ಒಬ್ಬಿಬ್ಬರು ಹುಡುಗಿಯರು ಓಡುತ್ತಿರುತ್ತಾರೆ. ಕೆಲವರಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗುವ ಆಸೆ, ಕೆಲವರಿಗೆ ರೈಲ್ವೆ ಕೆಲಸ, ಕೆಲವರಿಗೆ ಸೈನ್ಯ. ಇನ್ನು ಕೆಲವರಿಗೆ ದಸರಾ ಕ್ರೀಡಾಕೂಟದಲ್ಲಿ ಒಂದು ಕೈ ನೋಡುವ ಹುಮ್ಮಸ್ಸು. ಅವರ ಕಾಲಿನ ಕಡೆ ನೋಡಿ: ಒಬ್ಬನಿಗೆ ಶಾಲೆಯ ಕ್ಯಾನ್ವಾಸ್ ಶೂ, ಒಬ್ಬನಿಗೆ ಅಣ್ಣನ ಹಳೇ ಶೂ, ಒಬ್ಬಳಿಗೆ ಹವಾಯಿ ಚಪ್ಪಲಿ, ಮತ್ತೊಬ್ಬನದು ಬರಿಗಾಲು.

ನಮ್ಮ ಸ್ವಸಹಾಯ ಸಂಘದ ಸಭೆಯೊಂದರಲ್ಲಿ ತಾಯಿಯೊಬ್ಬರು ಹೀಗೆ ಕೇಳಿದರು: "ಸಿಸ್ಟರ್, ಮಗ ಐದು ಸಾವಿರದ ಶೂ ಬೇಕು ಅಂತ ಹಟ ಹಿಡಿದವ್ನೆ. ಅದಿಲ್ದಿದ್ರೆ ಸೆಲೆಕ್ಷನ್ ಆಗಲ್ವಂತೆ. ಸಂಘದಲ್ಲಿ ಸಾಲ ತೆಗೀಲಾ?" ಈ ಪ್ರಶ್ನೆ ಆ ತಾಯಿ ಒಬ್ಬರದಲ್ಲ. ಬಹಳ ಮನೆಗಳಲ್ಲಿ ಇದೇ ಮಾತು ನಡೀತಿದೆ. ಅದಕ್ಕೆ ಉತ್ತರವಾಗಿ ಈ ಲೇಖನ.

ಓಟ ಎಷ್ಟು, ಸಮಯ ಎಷ್ಟು?

ಮೊದಲು ಗುರಿ ಗೊತ್ತಿರಬೇಕು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ ಪುರುಷರಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರಿಗೆ 400 ಮೀಟರ್ ಓಟವನ್ನು 2 ನಿಮಿಷದಲ್ಲಿ ಮುಗಿಸಬೇಕೆಂದು ಇರುತ್ತದೆ. ರೈಲ್ವೆಯ ಗ್ರೂಪ್ ಡಿ ಹುದ್ದೆಗಳಿಗೆ ಪುರುಷರು 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ, ಮಹಿಳೆಯರು ಅಷ್ಟೇ ದೂರವನ್ನು 5 ನಿಮಿಷ 40 ಸೆಕೆಂಡಿನಲ್ಲಿ ಓಡಬೇಕು. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ತಪ್ಪದೆ ಓದಿಕೊಳ್ಳಿ.

ಇದರ ಲೆಕ್ಕ ಹಾಕೋಣ. 1600 ಮೀಟರ್ ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ 4 ಸುತ್ತು. ಪ್ರತಿ ಸುತ್ತನ್ನು 96 ಸೆಕೆಂಡಿನಲ್ಲಿ ಓಡಿದರೆ ಒಟ್ಟು 6 ನಿಮಿಷ 24 ಸೆಕೆಂಡು, ಅಂದರೆ ಪಾಸು. ನಮ್ಮ ಶಾಲೆಯ ಮೈದಾನದ ಸುತ್ತಳತೆ 200 ಮೀಟರ್ ಇದ್ದರೆ 8 ಸುತ್ತು, ಸುತ್ತಿಗೆ 48 ಸೆಕೆಂಡು. ಇದು ಚಾಂಪಿಯನ್ನರ ವೇಗವಲ್ಲ. ಆರೋಗ್ಯವಾಗಿರುವ, ಕ್ರಮವಾಗಿ ತಯಾರಾದ ಯುವಕನಿಗೆ ಸಾಧ್ಯವಾಗುವ ವೇಗ. ಲಿಖಿತ ಪರೀಕ್ಷೆಗೆ ವರ್ಷಗಟ್ಟಲೆ ಓದಿ ಪಾಸಾದವರು ಮೈದಾನದಲ್ಲಿ ಕಾಲಿನ ಬೊಬ್ಬೆಯಿಂದ ಸೋಲಬಾರದು ಎಂಬುದೇ ನಮ್ಮ ಕಾಳಜಿ.

ಬರಿಗಾಲೋ, ಶೂನೋ?

ಬರಿಗಾಲಲ್ಲಿ ಓಡುವುದು ನಾಚಿಕೆಯ ವಿಷಯವೇನಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನದ ಪದಕ ಗೆದ್ದರು. ಅಲ್ಲಿ ಸಿಕ್ಕ ಶೂಗಳು ಅವರ ಪಾದಕ್ಕೆ ಸರಿಹೊಂದಲಿಲ್ಲ. ಬರಿಗಾಲಲ್ಲಿ ಓಡಿ ಅಭ್ಯಾಸವಿತ್ತು, ಹಾಗೇ ಓಡಿದರು. ನಾಲ್ಕು ವರ್ಷದ ನಂತರ 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು. ಈ ಎರಡು ಓಟಗಳಿಂದ ನಾವು ಕಲಿಯಬೇಕಾದ ಪಾಠ ಒಂದೇ: ಕಾಲಿಗೆ ಹೊಂದದ ಶೂಗಿಂತ ಅಭ್ಯಾಸವಾದ ಬರಿಗಾಲು ಮೇಲು, ಕಾಲಿಗೆ ಹೊಂದುವ ಶೂ ಸಿಕ್ಕರೆ ಅದೂ ಒಳ್ಳೆಯದೇ.

ನಮ್ಮ ನಾಡಿನಲ್ಲೂ ಓಟದ ಹಿರಿಯರಿದ್ದಾರೆ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರಷ್ಟು ಹಿಂದೆಯೇ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಈಗಿನಂಥ ಮೆತ್ತನೆಯ ಅಟ್ಟೆಯ ಶೂಗಳು ಆಗ ಯಾರಿಗೂ ಇರಲಿಲ್ಲ.

ಆದರೂ ನಮ್ಮ ರಸ್ತೆಗಳಲ್ಲಿ ಜಲ್ಲಿ, ಗಾಜಿನ ಚೂರು, ಮುಳ್ಳು ಇರುವುದರಿಂದ, ಹೊಸದಾಗಿ ಓಡುವವರಿಗೆ ಶೂ ಇದ್ದರೆ ಕ್ಷೇಮ ಎಂಬುದು ನಮ್ಮ ಸಲಹೆ. ಈವರೆಗೆ ಬರಿಗಾಲಲ್ಲೇ ಓಡಿದವರು ಶೂಗೆ ಬದಲಾಗುವುದಾದರೆ ಓಟದ ದಿನಕ್ಕೆ ಒಂದೆರಡು ತಿಂಗಳು ಮೊದಲೇ ಬದಲಾಗಲಿ.

ಅಂಗಡಿಗೆ ಹೋಗುವ ಮುನ್ನ: ಹಾಳೆಯ ಮೇಲೆ ಪಾದ

ಒಂದು ಬಿಳಿ ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲಿಡಿ. ಹಿಮ್ಮಡಿ ಗೋಡೆಗೆ ತಾಗುವಂತೆ, ಪೂರ್ತಿ ಭಾರ ಬಿಟ್ಟು ನಿಂತುಕೊಳ್ಳಿ. ಮನೆಯವರೊಬ್ಬರು ಪೆನ್ಸಿಲ್ ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಎರಡೂ ಪಾದಗಳಿಗೆ ಹೀಗೆ ಮಾಡಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಅಳತೆ ಬರೆದಿಡಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ. ಪಾದದ ಅತಿ ಅಗಲದ ಜಾಗವನ್ನೂ ಅಳೆಯಿರಿ.

ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದು. ದೊಡ್ಡ ಪಾದಕ್ಕೆ ಸರಿಯಾಗುವ ಶೂ ತೆಗೆದುಕೊಳ್ಳಬೇಕು. ಚಿಕ್ಕಂದಿನಿಂದ ಬರಿಗಾಲಲ್ಲಿ ಗದ್ದೆ ತೋಟ ಓಡಾಡಿ ಬೆಳೆದವರ ಪಾದ ಬೆರಳುಗಳ ಕಡೆ ಅಗಲವಾಗಿರುತ್ತದೆ. ಮುಂಭಾಗ ಚೂಪಾಗಿರುವ ಶೂ ನೋಡೋಕೆ ಚೆಂದ ಇರಬಹುದು, ಆದರೆ ನಮ್ಮ ಮಕ್ಕಳ ಕಾಲಿಗೆ ಹೊಂದುವುದು ಅಪರೂಪ. ಕತ್ತರಿಸಿದ ಆ ಹಾಳೆಯನ್ನು ಶೂನ ಅಟ್ಟೆಯ ಮೇಲಿಟ್ಟು ನೋಡಿ. ಹಾಳೆ ಅಂಚು ದಾಟಿ ಹೊರಗೆ ಬಂದರೆ ಆ ಶೂ ನಿಮ್ಮದಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಕೆ.ಆರ್. ಪೇಟೆಗೋ, ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೋ ಹೋದಾಗ ಈ ವಿಷಯಗಳು ನೆನಪಿರಲಿ:

1. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತು, ನಡೆದು ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೇ ಊದುತ್ತದೆ.

2. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.

3. ಎರಡೂ ಶೂ ಹಾಕಿ, ದಾರ ಕಟ್ಟಿ, ಎದ್ದು ನಿಂತು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು.

4. ಒಳಗೆ ಕಾಲ್ಬೆರಳುಗಳನ್ನು ಆಡಿಸಲು ಬರಬೇಕು. ಪಕ್ಕದಲ್ಲಿ ಒತ್ತಬಾರದು.

5. ನಡೆಯುವಾಗ ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು. ಜಾರಿದರೆ ಬೊಬ್ಬೆ ಖಂಡಿತ.

6. ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಓಡಿ ನೋಡಿ, ಸಂಕೋಚ ಬೇಡ. ಹಾಕಿದ ಕೂಡಲೇ ಹಿತವಾಗಿರಬೇಕು. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಎಂಬ ಮಾತಿಗೆ ಮರುಳಾಗಬೇಡಿ.

7. ನಂಬರ್ ಒಂದನ್ನೇ ನಂಬಬೇಡಿ. ಒಂದು ಕಂಪನಿಯ 8 ಇನ್ನೊಂದು ಕಂಪನಿಯ 8ರಷ್ಟೇ ಇರಲ್ಲ. ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 8 ಮಿಲಿಮೀಟರ್ ವ್ಯತ್ಯಾಸ. ಅರ್ಧ ನಂಬರೂ ಕಾಲಿಗೆ ಗೊತ್ತಾಗುತ್ತದೆ.

ಐದು ಸಾವಿರದ ಶೂ ಬೇಕಾ?

ಬೇಕಾಗಿಲ್ಲ. ಬೆಲೆ ಹೆಚ್ಚಾದ ಮಾತ್ರಕ್ಕೆ ಕಾಲಿಗೆ ಹೊಂದುತ್ತದೆ ಅಂತೇನಿಲ್ಲ. ಸಾಧಾರಣ ಬೆಲೆಯ, ಹಗುರವಾದ, ಅಟ್ಟೆ ಬಾಗುವ, ಕಾಲಿಗೆ ಸರಿಯಾಗಿ ಕೂರುವ ಶೂ ಇಂಥ ಓಟಕ್ಕೆ ಸಾಕು. ಹೆಸರಾಂತ ಕಂಪನಿಯ ಗುರುತು ಹಚ್ಚಿ ಸಂತೆಯಲ್ಲಿ ಮಾರುವ ನಕಲಿ ಮಾಲು ಬೇಡ, ಅದರ ಅಂಟು ಬೇಗ ಬಿಡುತ್ತದೆ. ಉಳಿದ ದುಡ್ಡಿನಲ್ಲಿ ಎರಡು ಜೊತೆ ಒಳ್ಳೆ ಕಾಲುಚೀಲ ಕೊಳ್ಳಿ. ಮನೆಗೆ ಮೊಟ್ಟೆ, ಹೆಸರುಕಾಳು ತನ್ನಿ.

ಅಣ್ಣನ ಹಳೇ ಶೂ ಹಾಕುವುದಾದರೆ ಅಟ್ಟೆ ತಿರುಗಿಸಿ ನೋಡಿ. ಒಂದು ಕಡೆ ಸವೆದು ಓರೆಯಾಗಿದ್ದರೆ ಅದರಲ್ಲಿ ಓಡಬೇಡಿ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಓಡುವ ಶೂವನ್ನು ಗದ್ದೆಗೆ, ಸಂತೆಗೆ ಹಾಕಬೇಡಿ. ನೆಂದರೆ ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಒಲೆ ಪಕ್ಕ ಇಡಬೇಡಿ.

ಹತ್ತು ವಾರದ ತಯಾರಿ

ಶೂ ಒಂದೇ ಓಡೋದಿಲ್ಲ, ಓಡುವುದು ಮೈ. ವಾರಕ್ಕೆ ನಾಲ್ಕು ದಿನ ಓಟ, ಉಳಿದ ದಿನ ವಿಶ್ರಾಂತಿ ಅಥವಾ ಹೊಲದ ಕೆಲಸ. ಪ್ರತಿದಿನ ಓಡಿದರೆ ಬೇಗ ಗೆಲ್ಲುತ್ತೇವೆ ಎಂಬುದು ತಪ್ಪು ತಿಳಿವಳಿಕೆ. ಮೈ ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ.

1-2ನೇ ವಾರ: 5 ನಿಮಿಷ ನಡಿಗೆ. ಆಮೇಲೆ 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ.

3-4ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ, 5 ಸಲ.

5-6ನೇ ವಾರ: ನಿಲ್ಲದೆ 15ರಿಂದ 20 ನಿಮಿಷ ನಿಧಾನ ಓಟ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ ಇರಲಿ.

7-9ನೇ ವಾರ: ವಾರಕ್ಕೆ ಒಂದು ದಿನ ಮಾತ್ರ ವೇಗ. ಗುರಿಯ ವೇಗದಲ್ಲಿ 400 ಮೀಟರ್ ಓಡಿ, 3 ನಿಮಿಷ ನಡೆದು, ಹೀಗೆ 4 ಸಲ. 400 ಮೀಟರ್ ಪರೀಕ್ಷೆಗೆ ತಯಾರಾಗುವ ಹೆಣ್ಣುಮಕ್ಕಳು 400ರ ಬದಲು 200 ಮೀಟರನ್ನು ಒಂದು ನಿಮಿಷದೊಳಗೆ ಓಡಿ ಅಭ್ಯಾಸ ಮಾಡಲಿ. ಉಳಿದ ಮೂರು ದಿನ ನಿಧಾನ ಓಟ. ಒಂಬತ್ತನೇ ವಾರ ಪೂರ್ತಿ ದೂರವನ್ನು ಒಮ್ಮೆ ಗಡಿಯಾರ ಹಿಡಿದು ಓಡಿ ನೋಡಿ.

10ನೇ ವಾರ: ಅರ್ಧಕ್ಕೆ ಇಳಿಸಿ. ಕೊನೆಯ ಎರಡು ದಿನ ಓಟವೇ ಬೇಡ.

ಎಲ್ಲಿ ಓಡಬೇಕು? ಶಾಲೆ ಮೈದಾನ, ನಾಲೆಯ ಏರಿಯ ಮಣ್ಣಿನ ದಾರಿ ಒಳ್ಳೆಯದು. ಟಾರು ರಸ್ತೆಯ ಅಂಚು ಓರೆಯಾಗಿರುತ್ತದೆ, ಅಲ್ಲೇ ದಿನಾ ಓಡಿದರೆ ಒಂದೇ ಮಂಡಿಗೆ ಭಾರ ಬೀಳುತ್ತದೆ. ಕಬ್ಬು ಸಾಗಿಸುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ನಸುಕಿನಲ್ಲೇ ರಸ್ತೆಯಲ್ಲಿರುತ್ತವೆ. ಬಿಳಿ ಅಂಗಿ ಹಾಕಿ, ವಾಹನ ಎದುರಿಗೆ ಬರುವ ಬಲಬದಿಯಲ್ಲಿ ಓಡಿ. ರೈಲು ಹಳಿಯ ಪಕ್ಕ ಖಂಡಿತ ಬೇಡ. ಕಿವಿಗೆ ಇಯರ್‌ಫೋನ್ ಬೇಡ.

ಊಟದ ವಿಷಯ: ನಮ್ಮ ರಾಗಿಮುದ್ದೆ, ಸೊಪ್ಪು, ಕಾಳಿನ ಸಾರು, ಮೊಟ್ಟೆ, ಮಜ್ಜಿಗೆ ಚೆನ್ನಾಗಿವೆ. ದುಬಾರಿ ಪುಡಿಗಳು, ಹೆಸರು ಗೊತ್ತಿಲ್ಲದ ಮಾತ್ರೆ-ಇಂಜೆಕ್ಷನ್‌ಗಳ ತಂಟೆಗೆ ಹೋಗಬೇಡಿ. ಹೊಟ್ಟೆ ತುಂಬ ಉಂಡು ಮೂರು ಗಂಟೆಯೊಳಗೆ ಓಡಬೇಡಿ.

ಹೆಣ್ಣುಮಕ್ಕಳ ತಂದೆ-ತಾಯಂದಿರಿಗೆ

"ಹೆಣ್ಣುಮಗಳು ರಸ್ತೆ ಮೇಲೆ ಓಡೋದಾ?" ಅನ್ನುವವರು ಇನ್ನೂ ಇದ್ದಾರೆ. ಅವಳ ಜೊತೆ ಅಣ್ಣನೋ ಗೆಳತಿಯೋ ಹೋಗಲಿ, ಆದರೆ ಅವಳನ್ನು ತಡೆಯಬೇಡಿ. ಓಡುವಾಗ ಮೈಗೆ ಬಿಗಿಯಾಗಿ ಹಿಡಿಯುವ ಒಳ ಉಡುಪು ಅವಳಿಗೆ ಶೂನಷ್ಟೇ ಮುಖ್ಯ, ತಾಯಂದಿರು ಸಂಕೋಚವಿಲ್ಲದೆ ಕೊಡಿಸಿ. ಬೇಗ ಸುಸ್ತು, ಏದುಸಿರು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಬೈದು ಓಡಿಸಿದರೆ ಅದು ವಾಸಿಯಾಗದು. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಬೇಕು.

ಓಟದ ದಿನ

ಒಂದೇ ನಿಯಮ: ಆ ದಿನ ಹೊಸದೇನೂ ಬೇಡ. ಹೊಸ ಶೂ ಬೇಡ, ಹೊಸ ಕಾಲುಚೀಲ ಬೇಡ, ಹೊಸ ತಿಂಡಿಯೂ ಬೇಡ. ಶೂ ಕನಿಷ್ಠ ಎರಡು-ಮೂರು ವಾರ ಓಡಿ ಪಳಗಿದ್ದಾಗಿರಲಿ.

ಹಿಂದಿನ ರಾತ್ರಿ ಕಾಲುಗುರು ಕತ್ತರಿಸಿ ಇಡಬೇಡಿ, ಎರಡು ದಿನ ಮುಂಚೆಯೇ ನೇರವಾಗಿ ಕತ್ತರಿಸಿ. ಪ್ರವೇಶಪತ್ರ, ಗುರುತಿನ ಚೀಟಿ, ನೀರಿನ ಬಾಟಲಿ ರಾತ್ರಿಯೇ ಚೀಲಕ್ಕೆ ಹಾಕಿ. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಸರದಿ ಬರಲು ಮಧ್ಯಾಹ್ನವಾಗಬಹುದು, ಆದ್ದರಿಂದ ನೆರಳಲ್ಲಿ ಕೂತು ಆಗಾಗ ಸ್ವಲ್ಪ ನೀರು ಕುಡಿಯಿರಿ. ಸರದಿಗೆ ಹತ್ತು ನಿಮಿಷ ಮೊದಲು ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ಶೂ ದಾರಕ್ಕೆ ಎರಡು ಗಂಟು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿ.

ಸೀಟಿ ಊದಿದ ಕೂಡಲೇ ಎಲ್ಲರೂ ನುಗ್ಗುತ್ತಾರೆ. ಅವರ ಹಿಂದೆ ಬೀಳಬೇಡಿ. ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಓಡಿದವನು ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಿಲ್ಲುವ ಸಂಭವವೇ ಹೆಚ್ಚು. ಅಭ್ಯಾಸದ 96 ಸೆಕೆಂಡನ್ನೇ ಹಿಡಿಯಿರಿ. ಕೊನೆಯ ಅರ್ಧ ಸುತ್ತಿಗೆ ಉಳಿದ ಶಕ್ತಿಯನ್ನೆಲ್ಲ ಬಿಡಿ. ಮುಗಿದ ಮೇಲೆ ತಕ್ಷಣ ಕೂರಬೇಡಿ, ಐದು ನಿಮಿಷ ನಡೆಯಿರಿ.

ಯಾವಾಗ ನಿಲ್ಲಿಸಬೇಕು?

ಎದೆನೋವು, ಕಣ್ಣು ಕತ್ತಲೆ, ತಲೆ ಸುತ್ತು ಬಂದರೆ ನಿಲ್ಲಿಸಿ. ಬಿಸಿಲಲ್ಲಿ ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಟ್ಟರೆ ಅದು ಪ್ರಾಣಾಪಾಯ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ, 108ಕ್ಕೆ ಫೋನ್ ಮಾಡಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ ತಯಾರಿ ಶುರುಮಾಡುವ ಮೊದಲೇ ವೈದ್ಯರನ್ನು ಕಾಣಿ.

ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ಒಂದೇ ಜಾಗದಲ್ಲಿ, ಬೆರಳಿಟ್ಟರೆ ನೋವಾಗುತ್ತಿದ್ದರೆ ಓಟ ನಿಲ್ಲಿಸಿ ತೋರಿಸಿ. ಅದು ಮೂಳೆಯ ಸಣ್ಣ ಬಿರುಕಾಗಿರಬಹುದು. ಬೊಬ್ಬೆ ಎದ್ದರೆ ಚರ್ಮ ಕೀಳಬೇಡಿ, ತೊಳೆದು ಶುಚಿಯಾದ ಬಟ್ಟೆ ಕಟ್ಟಿ.

ಕೊನೆಯದಾಗಿ

ಆ ತಾಯಿಗೆ ನಾವು ಸಾಲ ಬೇಡ ಅಂದೆವು. ಮಗನ ಪಾದವನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ, ಹೊಂದುವ ಶೂ ತನ್ನಿ, ಹತ್ತು ವಾರ ಮುಂಚೆ ತನ್ನಿ ಅಂದೆವು. ನಿಮಗೂ ನಮ್ಮ ಮಾತು ಅದೇ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಭಕ್ತರ ಬದುಕನ್ನು ಓಟದ ಪಂದ್ಯಕ್ಕೆ ಹೋಲಿಸಿದ್ದಾರೆ. ಓಟಗಾರನ ಸಂಯಮ ಅವರಿಗೆ ಮೆಚ್ಚುಗೆಯಾಗಿತ್ತು. ಒಂದು ನೇಮಕಾತಿ ಕೈತಪ್ಪಿದರೆ ಬದುಕು ಮುಗಿಯಲಿಲ್ಲ ಮಕ್ಕಳೇ. ಆದರೆ ದೇವರು ಕೊಟ್ಟ ಕಾಲನ್ನು ಅವಸರದಲ್ಲಿ ಕೆಡಿಸಿಕೊಳ್ಳಬೇಡಿ. ನಿಮ್ಮ ಊರಿನಲ್ಲಿ ಓಡುವ ಮಕ್ಕಳಿದ್ದರೆ ಈ ಹಾಳೆಯನ್ನು ಅವರ ಕೈಗೆ ಕೊಡಿ. ಎಲ್ಲರಿಗೂ ಶುಭವಾಗಲಿ.