ಬಹುದೂರ ನಡೆದ ಮೋಟಾರು ಯಂತ್ರದ ಅಂತಃಸ್ಥಿತಿ

ಮೋಟಾರು ಗಾಡಿಯು ನಡೆದ ದೂರವನ್ನು ತೋರಿಸುವ ಮಾಪಕವೊಂದು ಚಾಲಕನ ಮುಂದಿರುವುದು. ಅದರ ಅಂಕಿಯು ಹಿರಿದಾದೊಡನೆ ಯಂತ್ರವು ಮುದಿಯಾಯಿತೆಂದು ಜನರು ನಿರ್ಣಯಿಸುವರು. ಕೊಳ್ಳುವವನು ಬೆಲೆಯನ್ನಿಳಿಸುವನು, ಒಡೆಯನು ಒಳ್ಳೆಯ ಯಂತ್ರವನ್ನೂ ಗುಜರಿಗೆ ಹಾಕುವನು. ಈ ನಿರ್ಣಯವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ವಿಚಾರಮಾಡೋಣ.

ಲೋಹದ ಕ್ಷಯವನ್ನು ಹೇಳಲು ಕನ್ನಡದಲ್ಲಿ ಎರಡು ಮಾತುಗಳಿವೆ. ಉಜ್ಜಿದುದು ಸವೆಯುವುದು, ತುಕ್ಕು ಕಬ್ಬಿಣವನ್ನು ತಿನ್ನುವುದು. ಯಂತ್ರದೊಳಗೆ ಇವೆರಡೂ ನಡೆಯುವುವು. ಆದರೆ ಕಾರಣಗಳು ಬೇರೆ ಬೇರೆ.

ಮೊದಲು ಸವೆತವನ್ನು ನೋಡೋಣ. ಬೇರಿಂಗಿನಲ್ಲಿ ದಂಡವು ವೇಗವಾಗಿ ತಿರುಗುವಾಗ ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಹೋಗಿ, ಆ ಎಣ್ಣೆಯ ಒತ್ತಡದಿಂದಲೇ ಮೇಲಕ್ಕೆತ್ತಲ್ಪಡುವುದು. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ವಿವರಿಸಿದನು. ವೇಗವಿರುವವರೆಗೆ ಲೋಹವು ಲೋಹವನ್ನು ಮುಟ್ಟುವುದಿಲ್ಲ. ಸಿಲಿಂಡರಿನೊಳಗಣ ಪಿಸ್ಟನ್ನಿಗಾದರೋ ಈ ಅನುಕೂಲವು ಎಡೆಬಿಡದೆ ದೊರೆಯದು. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿಸ್ಟನ್ನು 6000 ಸಾರಿ ಕ್ಷಣಮಾತ್ರ ನಿಂತು ಹಿಂದಿರುಗುವುದು. ಮೇಲಿನ ತುದಿಯಲ್ಲಿ ನಿಂತಾಗ ಎಣ್ಣೆಯ ಪೊರೆಯು ತೆಳುವಾಗುವುದು; ಉರಿಯುವ ಅನಿಲವು ಉಂಗುರವನ್ನು ಗೋಡೆಗೆ ಒತ್ತುವುದು. ಆದುದರಿಂದಲೇ ಹಳೆಯ ಸಿಲಿಂಡರು ಮೇಲ್ಭಾಗದಲ್ಲಿ ಹೆಚ್ಚಾಗಿ ಸವೆದು, ಉಂಗುರವು ಮುಟ್ಟದ ಅಂಚಿನಲ್ಲಿ ಒಂದು ದಿಣ್ಣೆಯು ಉಳಿಯುವುದುಂಟು.

ಇನ್ನು ತಿನ್ನುವಿಕೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಆವಿರೂಪದಲ್ಲಿ ಹುಟ್ಟುವುದು. ಕಾದ ಯಂತ್ರದಿಂದ ಇದರ ಬಹುಭಾಗವು ಹೊಗೆಯೊಡನೆ ಹೊರಟುಹೋಗುವುದು. ತಣ್ಣಗಿರುವ ಯಂತ್ರದಲ್ಲಿಯಾದರೆ ಗೋಡೆಯ ಮೇಲೆ ಹನಿಗಟ್ಟಿ, ದಹನದಲ್ಲಿ ಹುಟ್ಟಿದ ಆಮ್ಲಗಳೊಡನೆ ಕೂಡಿ ಲೋಹವನ್ನು ತಿನ್ನುವುದು; ಎಣ್ಣೆಯಲ್ಲಿ ಸೇರಿ ಅದನ್ನೂ ಕೆಡಿಸುವುದು.

ಇದರಿಂದ ಫಲಿಸುವುದೇನು? ಪ್ರತಿದಿನವೂ ಎರಡೆರಡು ಮೈಲಿ ಓಡಿ ತಣ್ಣಗಾಗುವ ಯಂತ್ರವು, ಒಂದೇ ಓಟದಲ್ಲಿ ನೂರು ಮೈಲಿ ನಡೆಯುವ ಯಂತ್ರಕ್ಕಿಂತ ಮೈಲಿಯೊಂದಕ್ಕೆ ಹೆಚ್ಚು ಕ್ಷಯಿಸುವುದು. ನ್ಯೂಯಾರ್ಕ್ ಪ್ರಾಂತದ ವಿಜ್ಞಾನೋಪಾಧ್ಯಾಯ ಇರ್ವ್ ಗಾರ್ಡನ್ ಎಂಬವರು 1966ರಲ್ಲಿ ಕೊಂಡ ವೋಲ್ವೋ ಪಿ. 1800 ಗಾಡಿಯು 2013ರಲ್ಲಿ 30 ಲಕ್ಷ ಮೈಲಿಗಳನ್ನು ಪೂರೈಸಿತು. ಅವರು ಶಾಲೆಗೆ ಹೋಗಿಬರುವ ದಾರಿಯೇ ದಿನಕ್ಕೆ ಸುಮಾರು 125 ಮೈಲಿ. ಎಣ್ಣೆಯನ್ನು ನಿಯಮದಿಂದ ಬದಲಾಯಿಸುತ್ತಿದ್ದರು. ಯಂತ್ರವು ಅಕ್ಷಯವಾಗಿತ್ತೆಂದಲ್ಲ, ಸುಮಾರು 6,80,000 ಮೈಲಿಗಳಾದಾಗ ಅದನ್ನು ಬಿಚ್ಚಿ ಪುನಾರಚಿಸಲಾಯಿತು. ಆದರೂ ಅಷ್ಟು ದೂರ ಅದು ನಡೆದುದೇ ವಿಚಾರಾರ್ಹವಾದುದು.

ಹಾಗಾದರೆ ಒಳಸ್ಥಿತಿಯನ್ನು ತಿಳಿಯುವ ಬಗೆ ಯಾವುದು? ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯಬೇಕು. ಅದು ಕಡಮೆಯಿದ್ದರೆ ಒಂದು ಚಮಚ ಎಣ್ಣೆಯನ್ನು ಒಳಗೆ ಹೊಯ್ದು ಮತ್ತೆ ಅಳೆಯಬೇಕು. ಎಣ್ಣೆಯು ಉಂಗುರಗಳ ಸಂದನ್ನು ಮುಚ್ಚುವುದರಿಂದ, ಒತ್ತಡವು ಏರಿದರೆ ದೋಷವು ಉಂಗುರಗಳಲ್ಲಿ ಅಥವಾ ಗೋಡೆಯಲ್ಲಿ ಇರುವುದೆಂದೂ, ಏರದಿದ್ದರೆ ಪ್ರಾಯಶಃ ಕವಾಟಗಳಲ್ಲಿ ಇರುವುದೆಂದೂ ಊಹಿಸಬಹುದು. ಎಣ್ಣೆಯು ಉರಿಯುವಾಗ ಬರುವ ನೀಲಿ ಹೊಗೆಯೂ ಒಂದು ಲಕ್ಷಣವೇ. ಮೈಲಿಗಳ ಅಂಕಿಯನ್ನು ಈ ಪರೀಕ್ಷೆಗಳೊಡನೆ ಕೂಡಿಸಿ ಓದತಕ್ಕದ್ದು. ಅದೊಂದನ್ನೇ ನಂಬಿ ಯಂತ್ರದ ಆಯುಸ್ಸನ್ನು ನಿರ್ಣಯಿಸುವುದು ಯುಕ್ತವಲ್ಲ.